ಮುಟ್ಟದೆ ಇಟ್ಟ ಫೋನಿನ ಬ್ಯಾಟರಿ ಇಳಿಯುವುದೇಕೆ? ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನದು ಎರಡೂವರೆ ವರ್ಷ ಹಳೆಯ, 5000 ಎಂಎಎಚ್ ಬ್ಯಾಟರಿಯ ಆಂಡ್ರಾಯ್ಡ್ ಫೋನು. ಎರಡು ಸಿಮ್ ಇವೆ. ಬೆಳಿಗ್ಗೆ ಎಂಟಕ್ಕೆ ನೂರು ಪರ್ಸೆಂಟ್ ಇದ್ದದ್ದು ಮಧ್ಯಾಹ್ನ ಮೂರೂವರೆಗೆ ಇಪ್ಪತ್ತರ ಹತ್ತಿರ ಬಂದಿರುತ್ತದೆ. ಪಾಠದ ಹೊತ್ತಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ, ಮುಟ್ಟುವುದೇ ಇಲ್ಲ. ರಜೆಯಲ್ಲಿ ಶಿವಮೊಗ್ಗದ ತವರುಮನೆಗೆ ಹೋದಾಗ ಇದೇ ಫೋನು ರಾತ್ರಿ ಮಲಗುವವರೆಗೂ ಬರುತ್ತದೆ. ಈಗ ದಿನಕ್ಕೆ ಎರಡು ಸಲ ಚಾರ್ಜ್ ಮಾಡುತ್ತಿದ್ದೇನೆ. ಯಾವ ಸೆಟ್ಟಿಂಗ್ ಬದಲಿಸಬೇಕು? ತೆರೆದ ಆ್ಯಪ್‌ಗಳನ್ನೆಲ್ಲ ಆಗಾಗ ಮುಚ್ಚುತ್ತಿರಬೇಕು ಎಂದು ಸಹೋದ್ಯೋಗಿಗಳು ಹೇಳುವುದು ಸರಿಯೇ? ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ತೊಂದರೆಯೇ? ಬ್ಯಾಟರಿ ಬದಲಿಸಿದರೆ ಸಾಕೇ, ಫೋನನ್ನೇ ಬದಲಿಸಬೇಕೇ?

ಉತ್ತರ: ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು, ನೀವು ಪ್ರಶ್ನೆಯ ಜೊತೆ ಕಳಿಸಿರುವ ಸ್ಕ್ರೀನ್‌ಶಾಟನ್ನು ಒಮ್ಮೆ ನಿಧಾನವಾಗಿ ನೋಡೋಣ. ಅದು ಬ್ಯಾಟರಿ ಪುಟದಲ್ಲಿ ಕಾಣುವ ಒಂದು ದಿನದ ಬಳಕೆಯ ಗೆರೆ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಗೆರೆ 84ರಲ್ಲಿದೆ; ಮಧ್ಯಾಹ್ನ ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ 55ಕ್ಕೆ ಇಳಿದಿದೆ. ಕೆಳಗಿರುವ, ಪರದೆ ಉರಿದ ಹೊತ್ತನ್ನು ತೋರಿಸುವ ಪಟ್ಟಿ ಈ ಮೂರು ಗಂಟೆಯುದ್ದಕ್ಕೂ ಖಾಲಿ. ಅಂದರೆ ನೀವು ಮುಟ್ಟದ, ಯಾರೂ ನೋಡದ, ಬೀಗ ಹಾಕಿದ ಬೀರುವಿನೊಳಗಿದ್ದ ಫೋನು 29 ಪರ್ಸೆಂಟ್ ಖರ್ಚು ಮಾಡಿದೆ. ಒಳ್ಳೆಯ ಸಿಗ್ನಲ್ ಇರುವ ಕಡೆ ಪರದೆ ಆರಿಸಿ ಸುಮ್ಮನೆ ಇಟ್ಟ ಆರೋಗ್ಯವಂತ ಫೋನು ಗಂಟೆಗೆ ಒಂದು ಪರ್ಸೆಂಟಿನ ಆಸುಪಾಸು ಇಳಿಯುವುದು ವಾಡಿಕೆ. ನಿಮ್ಮದು ಗಂಟೆಗೆ ಒಂಬತ್ತರಂತೆ ಇಳಿದಿದೆ. ಬ್ರೈಟ್‌ನೆಸ್ ಕಡಿಮೆ ಮಾಡಿ, ಡಾರ್ಕ್ ಮೋಡ್ ಹಾಕಿ ಎಂಬ ಸಾಮಾನ್ಯ ಸಲಹೆಗಳು ಈ ಮೂರು ಗಂಟೆಗಳ ನಷ್ಟವನ್ನು ಮುಟ್ಟಲಾರವು, ಏಕೆಂದರೆ ಆಗ ಪರದೆ ಉರಿಯುತ್ತಲೇ ಇರಲಿಲ್ಲ.

ಲೆಕ್ಕವನ್ನು ಇನ್ನೊಂದು ರೀತಿಯಲ್ಲೂ ಇಡಬಹುದು. 5000 ಎಂಎಎಚ್ ಎಂದರೆ, ಇಂಥ ಬ್ಯಾಟರಿಯ ಸರಾಸರಿ ವೋಲ್ಟೇಜಾದ 3.85ರಿಂದ ಗುಣಿಸಿದಾಗ, ಸುಮಾರು 19 ವ್ಯಾಟ್-ಅವರ್ ಶಕ್ತಿ. ಬ್ಯಾಟರಿ ಹೊಸದೆಂದೇ ಇಟ್ಟುಕೊಂಡರೆ, ಏಳೂವರೆ ಗಂಟೆಗಳಲ್ಲಿ ಅದರ ಎಂಬತ್ತು ಪರ್ಸೆಂಟ್ ಮುಗಿಯುವುದೆಂದರೆ ಫೋನು ಸರಾಸರಿ ಎರಡು ವ್ಯಾಟ್ ಎಳೆಯುತ್ತಿದೆ ಎಂದರ್ಥ. ಶಿವಮೊಗ್ಗದಲ್ಲಿ ಅದೇ ಫೋನು, ಅದೇ ಆ್ಯಪ್‌ಗಳು, ಅದೇ ಹಳೆಯ ಬ್ಯಾಟರಿ, ಆದರೆ ಖರ್ಚು ಇದರ ಅರ್ಧ. ಎರಡು ಊರುಗಳ ನಡುವೆ ಬದಲಾಗಿದ್ದು ಮುಖ್ಯವಾಗಿ ಒಂದೇ: ಫೋನಿಗೂ ಟವರಿಗೂ ನಡುವಿನ ದಾರಿ.

ಮೊಬೈಲ್ ಫೋನು ಮೊದಲಿಗೆ ಒಂದು ರೇಡಿಯೊ ಎಂಬುದನ್ನು ನಾವು ಮರೆತಿದ್ದೇವೆ. ಟವರ್ ಹತ್ತಿರವಿದ್ದು ಸಿಗ್ನಲ್ ಸ್ವಚ್ಛವಾಗಿದ್ದಾಗ, ಸುಮ್ಮನಿರುವ ಫೋನು ಹೆಚ್ಚಿನ ಹೊತ್ತು ನಿದ್ರಿಸುತ್ತದೆ. ಸೆಕೆಂಡಿಗೊಮ್ಮೆಯಂತೆ ಕಣ್ಣು ಬಿಟ್ಟು, ತನಗೆ ಕರೆ ಬಂದಿದೆಯೇ ಎಂದು ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ಸಿಗ್ನಲ್ ಕ್ಷೀಣಿಸಿದಾಗ ಈ ನಿದ್ರೆ ಕೆಡುತ್ತದೆ. ತನ್ನ ಮಾತು ಟವರಿಗೆ ಮುಟ್ಟಲೆಂದು ಫೋನು ಪ್ರಸಾರದ ಬಲವನ್ನು ಏರಿಸುತ್ತದೆ. 4ಜಿ ಫೋನುಗಳಲ್ಲಿ ಈ ಬಲದ ಸಾಮಾನ್ಯ ಗರಿಷ್ಠ ಮಿತಿ 200 ಮಿಲಿವ್ಯಾಟ್; ಆದರೆ ಅಷ್ಟನ್ನು ಆಂಟೆನಾದಿಂದ ಹೊರಗೆ ಕಳಿಸಲು ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆದುಕೊಳ್ಳುತ್ತದೆ. ದುರ್ಬಲ ಸಿಗ್ನಲ್ಲಿನಲ್ಲಿ ಒಂದು ಫೋಟೊ ಇಳಿಯಲು ಬೇಕಾಗುವ ಹೊತ್ತೂ ಹೆಚ್ಚು, ತಪ್ಪಿದ ತುಣುಕುಗಳನ್ನು ಮತ್ತೆ ಮತ್ತೆ ತರಿಸಿಕೊಳ್ಳುವ ಕೆಲಸವೂ ಹೆಚ್ಚು, ಅಷ್ಟು ಹೊತ್ತೂ ರೇಡಿಯೊ ಎಚ್ಚರವಾಗಿಯೇ ಇರುತ್ತದೆ. ಸಿಗ್ನಲ್ ಪೂರ್ತಿ ಕಳೆದುಹೋದರೆ ಫೋನು ತನಗೆ ಗೊತ್ತಿರುವ ತರಂಗಾಂತರಗಳನ್ನೆಲ್ಲ ಒಂದೊಂದಾಗಿ ತಡಕಾಡುತ್ತಾ ಟವರನ್ನು ಹುಡುಕುತ್ತದೆ, ಸಿಗದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಹುಡುಕುತ್ತದೆ. ಎರಡು ಸಿಮ್ ಇದ್ದರೆ ಈ ಹುಡುಕಾಟವೂ ಎರಡು.

ಗುಡ್ಡ, ಕಣಿವೆ, ದಟ್ಟ ಮರಗಳ ನಡುವಿನ ಮಲೆನಾಡಿನ ಹಳ್ಳಿಗೆ ಬರುವ ಸಿಗ್ನಲ್ ಮೊದಲೇ ತೆಳುವಾಗಿರುತ್ತದೆ. ಅದರ ಮೇಲೆ ನೀವು ಫೋನನ್ನು ಬೀರುವಿನಲ್ಲಿಡುತ್ತೀರಿ. ಶಾಲೆಗಳಲ್ಲಿ ಬೀರು ಎಂದರೆ ಸಾಮಾನ್ಯವಾಗಿ ಉಕ್ಕಿನ ತಗಡಿನದು. ರೇಡಿಯೊ ತರಂಗಗಳಿಗೆ ತಗಡಿನ ಪೆಟ್ಟಿಗೆಗಿಂತ ದೊಡ್ಡ ಗೋಡೆ ಇನ್ನೊಂದಿಲ್ಲ. ಶಿಸ್ತಿನಿಂದ, ಮಕ್ಕಳ ಮುಂದೆ ಫೋನು ಹಿಡಿಯಬಾರದೆಂಬ ಒಳ್ಳೆಯ ಉದ್ದೇಶದಿಂದ ನೀವು ಮಾಡಿದ ವ್ಯವಸ್ಥೆಯೇ ಬ್ಯಾಟರಿಯನ್ನು ಹಿಂಡುತ್ತಿದೆ ಎಂಬುದು ನನ್ನ ಖಚಿತ ಅನುಮಾನ.

ಇದನ್ನು ನೀವೇ ಅಳೆದು ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗ್ಗೆ ಎಂಬ ಪುಟಕ್ಕೆ ಹೋಗಿ ಸಿಮ್ ಸ್ಥಿತಿಯನ್ನು ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ. ಅದು ಯಾವಾಗಲೂ ಮೈನಸ್ ಅಂಕಿ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 100 ಪರವಾಗಿಲ್ಲ, ಮೈನಸ್ 110 ದಾಟಿ 115, 120ರ ಕಡೆ ಹೋದರೆ ಫೋನು ಏದುಸಿರು ಬಿಡುತ್ತಿದೆ ಎಂದು ತಿಳಿಯಬೇಕು. ಈ ಮಾನದಲ್ಲಿ ಹತ್ತು ಕುಸಿದರೆ ಸಿಗ್ನಲ್ ಹತ್ತರಲ್ಲೊಂದು ಭಾಗವಾಯಿತು, ಇಪ್ಪತ್ತು ಕುಸಿದರೆ ನೂರರಲ್ಲೊಂದು. ಪರದೆಯ ಮೂಲೆಯ ಕಡ್ಡಿಗಳು ಇದನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಒಂದು ಕಂಪನಿಯ ಫೋನು ಎರಡು ಕಡ್ಡಿ ತೋರಿಸುವ ಕಡೆ ಇನ್ನೊಂದು ಕಂಪನಿಯದು ಮೂರು ತೋರಿಸುವುದುಂಟು. ತರಗತಿಯ ಕಿಟಕಿಯ ಬಳಿ, ಮೇಜಿನ ಮೇಲೆ, ತೆರೆದ ಬೀರುವಿನ ಒಳಗೆ, ಹೀಗೆ ಮೂರು ಕಡೆ ಎರಡೂ ಸಿಮ್‌ಗಳ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಬೀರುವಿನ ಬಾಗಿಲು ಮುಚ್ಚಿದ ಮೇಲೆ ಅಂಕಿ ಇನ್ನೂ ಕೆಳಗಿಳಿಯುತ್ತದೆ ಎಂಬುದು ನೆನಪಿರಲಿ.

ಕಳೆದ ಮಳೆಗಾಲದಲ್ಲಿ ಕೊಪ್ಪದ ಹತ್ತಿರದ ನೆಂಟರ ಮನೆಯಲ್ಲಿ ನಾನು ಎರಡು ರಾತ್ರಿ ಉಳಿದಿದ್ದೆ. ಮಲಗುವ ಕೋಣೆಯಲ್ಲಿ ಸಿಗ್ನಲ್ ಮೈನಸ್ 117. ಮೊದಲ ರಾತ್ರಿ ಮೊಬೈಲ್ ಡೇಟಾ ಹಾಕಿಕೊಂಡೇ ಮಲಗಿದೆ. ಹನ್ನೊಂದರಿಂದ ಬೆಳಗಿನ ಆರರವರೆಗೆ 21 ಪರ್ಸೆಂಟ್ ಇಳಿದಿತ್ತು. ಎರಡನೆಯ ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ, ಅದರ ಮೇಲೆ ಮನೆಯ ವೈ-ಫೈ ಮಾತ್ರ ತೆರೆದು ಮಲಗಿದೆ, ಇಳಿದದ್ದು ಮೂರು. ವಾಟ್ಸ್ಆ್ಯಪ್ ಸಂದೇಶಗಳು ಎರಡೂ ರಾತ್ರಿ ಬಂದಿದ್ದವು. ಒಂದು ಮನೆಯ ಎರಡು ರಾತ್ರಿಗಳ ಅಳತೆಯನ್ನು ನಿಯಮವೆಂದು ಹೇಳಲಾರೆ, ಆದರೆ ಬೇರೆ ಯಾವ ಸೆಟ್ಟಿಂಗಿನಿಂದಲೂ ಇಷ್ಟು ದೊಡ್ಡ ವ್ಯತ್ಯಾಸವನ್ನು ನಾನು ಕಂಡಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಫೋನಿನ ಜಾಗ ಬದಲಿಸುವುದು. ಕಿಟಕಿಯ ಪಕ್ಕದ ಮೇಜಿನ ಮರದ ಡ್ರಾಯರಿಗೆ ಬೀಗವಿದ್ದರೆ ಅದೇ ಸಾಕು. ಮರ ಸಿಗ್ನಲ್ಲನ್ನು ತಗಡಿನಂತೆ ತಡೆಯುವುದಿಲ್ಲ. ಬೀರುವೇ ಅನಿವಾರ್ಯವಾದರೆ, ಬಾಗಿಲು ಹಾಕುವ ಮೊದಲು ಏರ್‌ಪ್ಲೇನ್ ಮೋಡ್ ಹಾಕಿಬಿಡಿ. ಹೇಗೂ ಆ ತಗಡಿನೊಳಗೆ ಕರೆ ಬರುವ ಭರವಸೆ ಇಲ್ಲ. ಮನೆಯವರಿಗೆ ತುರ್ತು ಬಂದರೆ ಕರೆ ಮಾಡಲು ಮುಖ್ಯ ಶಿಕ್ಷಕರ ಸಂಖ್ಯೆಯನ್ನು ಕೊಟ್ಟಿರಿ. ಎರಡನೆಯದಾಗಿ, ನಿಮ್ಮ ಎರಡು ಸಿಮ್‌ಗಳಲ್ಲಿ ಒಂದಕ್ಕೆ ಶಾಲೆಯ ಊರಿನಲ್ಲಿ ಸಿಗ್ನಲ್ ಸಿಗದಿದ್ದರೆ, ಶಾಲೆಯ ಹೊತ್ತಿನಲ್ಲಿ ಆ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಬಹುದು, ಕಾರ್ಡನ್ನು ತೆಗೆಯಬೇಕಾಗಿಲ್ಲ. ಬ್ಯಾಂಕಿನ ಒಟಿಪಿ ಬರುವ ಸಿಮ್ ಅದೇ ಆಗಿದ್ದರೆ ಸಂಜೆ ಮತ್ತೆ ಆನ್ ಮಾಡುವುದನ್ನು ಮರೆಯಬಾರದು.

ಮೂರನೆಯದು 5ಜಿ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ 5ಜಿ ಆರಂಭವಾದ ಮೇಲೆ ಬಂದ 5ಜಿ ಫೋನುಗಳು ಸಾಮಾನ್ಯವಾಗಿ ಮೊದಲಿನಿಂದಲೂ 5ಜಿಯನ್ನೇ ಆದ್ಯತೆಯಾಗಿ ಇಟ್ಟುಕೊಂಡಿರುತ್ತವೆ. 5ಜಿ ತಾನಾಗಿ ಕೆಟ್ಟದ್ದಲ್ಲ. ಗಟ್ಟಿಯಾದ 5ಜಿ ಸಿಗ್ನಲ್ ಇರುವಲ್ಲಿ ಡೌನ್‌ಲೋಡ್ ಬೇಗ ಮುಗಿದು ರೇಡಿಯೊ ಬೇಗ ಮಲಗುತ್ತದೆ. ಕಷ್ಟ ಬರುವುದು ತಾಲ್ಲೂಕು ಕೇಂದ್ರದ ಅಂಚಿನಲ್ಲಿ, 5ಜಿ ಒಮ್ಮೆ ಬಂದು ಒಮ್ಮೆ ಹೋಗುವ ಜಾಗದಲ್ಲಿ. ಅಲ್ಲಿ ಫೋನು 4ಜಿಗೂ 5ಜಿಗೂ ನಡುವೆ ಓಡಾಡುತ್ತಲೇ ಇರುತ್ತದೆ. 4ಜಿಯ ಆಸರೆಯಲ್ಲೇ 5ಜಿ ನಡೆಸುವ ಜಾಲದಲ್ಲಾದರೆ ಫೋನು ಎರಡೂ ಸಂಪರ್ಕಗಳನ್ನು ಏಕಕಾಲಕ್ಕೆ ಹಿಡಿದಿರಬೇಕಾಗುತ್ತದೆ. ಸಿಮ್ ಸೆಟ್ಟಿಂಗಿನಲ್ಲಿ ಆದ್ಯತೆಯ ನೆಟ್‌ವರ್ಕ್ ಎಂಬಲ್ಲಿ 5ಜಿ ಬಿಟ್ಟು 4ಜಿ, 3ಜಿ, 2ಜಿ ಸ್ವಯಂಚಾಲಿತ ಎಂಬುದನ್ನು ಆರಿಸಿ. ಬರೀ 4ಜಿ ಎಂಬ ಆಯ್ಕೆಯನ್ನು ಬೇರೆ ಆ್ಯಪ್ ಮೂಲಕ ಬಲವಂತವಾಗಿ ಹಾಕಬೇಡಿ. 4ಜಿಯ ಮೇಲೆ ಕರೆ ಸಾಗುವ ಸೌಲಭ್ಯ ಸರಿಯಿಲ್ಲದ ಕಡೆ ಕರೆಗಳೇ ನಿಂತುಹೋಗುತ್ತವೆ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದರೆ ವೈ-ಫೈ ಕಾಲಿಂಗ್ ಆನ್ ಮಾಡಿ. ಕರೆಗಳು ಮನೆಯ ವೈ-ಫೈ ಮೂಲಕವೇ ಹೋಗುತ್ತವೆ, ಅಂಗಳದ ಮೂಲೆಗೆ ಓಡುವುದೂ ತಪ್ಪುತ್ತದೆ.

ಸಿಗ್ನಲ್ಲಿನ ಮಾತು ಮುಗಿದ ಮೇಲೆ ಪರದೆಯ ವಿಷಯ. ನಿಮ್ಮ ಪಟ್ಟಿಯಲ್ಲಿ ಪರದೆ ದಿನಕ್ಕೆ ಎರಡೂ ಮುಕ್ಕಾಲು ಗಂಟೆ ಉರಿದಿದೆ, ಅತಿಯೇನಲ್ಲ. ಸ್ವಯಂಚಾಲಿತ ಬ್ರೈಟ್‌ನೆಸ್ಸನ್ನು ಆನ್ ಮಾಡಿಡಿ. ಕೈಯಲ್ಲೇ ಹೊಂದಿಸುವವರು ಬೆಳಿಗ್ಗೆ ಬಿಸಿಲಿನಲ್ಲಿ ಏರಿಸಿದ್ದನ್ನು ಒಳಗೆ ಬಂದ ಮೇಲೆ ಇಳಿಸಲು ಮರೆಯುತ್ತಾರೆ, ಹೆಚ್ಚಿನ ನಷ್ಟ ಆ ಮರೆವಿನಲ್ಲೇ ಇದೆ. ಪರದೆ ಆರುವ ಅವಧಿಯನ್ನು 30 ಸೆಕೆಂಡಿಗೆ ಇಳಿಸಿ. ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎಂಬುದು, 90 ಅಥವಾ 120 ಹರ್ಟ್ಸ್ ಇದ್ದರೆ 60ಕ್ಕೆ ತಂದು ಒಂದು ವಾರ ನೋಡಿ. ಓದುವುದು, ಸಂದೇಶ ಕಳಿಸುವುದು, ಹಾಜರಾತಿ ತುಂಬುವುದು ಇವುಗಳಲ್ಲಿ ನಿಮಗೆ ವ್ಯತ್ಯಾಸ ಕಾಣಲಾರದು. ಪರದೆ ಆರಿದ ಮೇಲೂ ಗಡಿಯಾರ ತೋರಿಸುತ್ತಿರುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ತೆಗೆಯಿರಿ.

ಡಾರ್ಕ್ ಮೋಡ್ ಬಗ್ಗೆ ಜನ ಕೇಳುವಷ್ಟು ಬೇರೆ ಯಾವುದರ ಬಗ್ಗೆಯೂ ಕೇಳುವುದಿಲ್ಲ. ಅದರ ಲಾಭ ಪರದೆಯ ಜಾತಿಯನ್ನು ಅವಲಂಬಿಸಿದೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನಿಂದ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ಚಿತ್ರ ಕಪ್ಪಾದರೂ ಬಿಳಿಯಾದರೂ ಖರ್ಚು ಹೆಚ್ಚುಕಡಿಮೆ ಒಂದೇ. ಒಎಲ್‌ಇಡಿ ಅಥವಾ ಅಮೊಲೆಡ್ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಚುಕ್ಕೆ ಆರಿರುತ್ತದೆ, ಆದ್ದರಿಂದ ಉಳಿತಾಯವಿದೆ. ಎಷ್ಟು ಎಂಬುದನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಳೆದು ತೋರಿಸಿದರು: ಬ್ರೈಟ್‌ನೆಸ್ ಪೂರ್ತಿ ಇದ್ದಾಗ ಸರಾಸರಿ 39ರಿಂದ 47 ಪರ್ಸೆಂಟ್ ಶಕ್ತಿ ಉಳಿಯುತ್ತದೆ, ಆದರೆ ಒಳಾಂಗಣದಲ್ಲಿ ನಾವು ಸಾಮಾನ್ಯವಾಗಿ ಇಟ್ಟುಕೊಳ್ಳುವ 30ರಿಂದ 50 ಪರ್ಸೆಂಟ್ ಬ್ರೈಟ್‌ನೆಸ್ಸಿನಲ್ಲಿ ಉಳಿಯುವುದು 3ರಿಂದ 9 ಪರ್ಸೆಂಟ್ ಮಾತ್ರ. ನಿಮ್ಮ ಕಣ್ಣಿಗೆ ಹಿತವೆನಿಸಿದರೆ ಹಾಕಿಕೊಳ್ಳಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಓದುವುದು ಕಷ್ಟವೆನಿಸಿದರೆ ಆ ಸಣ್ಣ ಉಳಿತಾಯಕ್ಕಾಗಿ ಕಣ್ಣನ್ನು ದಣಿಸಬೇಡಿ. ಕನ್ನಡದ ಒತ್ತಕ್ಷರಗಳನ್ನು ಸಣ್ಣ ಗಾತ್ರದಲ್ಲಿ ಓದುವಾಗ ನನಗಂತೂ ಬಿಳಿ ಹಿನ್ನೆಲೆಯೇ ಸುಲಭ.

ಇನ್ನು ಆ್ಯಪ್‌ಗಳು. ಇತ್ತೀಚಿನ ಆ್ಯಪ್‌ಗಳ ಪಟ್ಟಿಯನ್ನು ತೆರೆದು ಒಂದೊಂದನ್ನೇ ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ನಿಮ್ಮ ಸಹೋದ್ಯೋಗಿಗಳಿಗೆ ಮಾತ್ರವಲ್ಲ, ಲಕ್ಷಾಂತರ ಜನರಿಗೆ ಇದೆ. ಅದರಿಂದ ಲಾಭವಿಲ್ಲ, ಎಷ್ಟೋ ಸಲ ನಷ್ಟವೇ. ಹಿಂದೆ ಸರಿದ ಆ್ಯಪ್ ಸಾಮಾನ್ಯವಾಗಿ ಮೆಮೊರಿಯಲ್ಲಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿರುತ್ತದೆ, ಆಗ ಅದು ಪ್ರೊಸೆಸರನ್ನು ಬಳಸುವುದಿಲ್ಲ. ಅದನ್ನು ಕೊಂದು ಐದು ನಿಮಿಷದ ಮೇಲೆ ಮತ್ತೆ ತೆರೆದರೆ ಎಲ್ಲವನ್ನೂ ಮೊದಲಿನಿಂದ ಲೋಡ್ ಮಾಡಬೇಕು, ಅದಕ್ಕೆ ಹೆಚ್ಚು ಶಕ್ತಿ ಬೇಕು. 2016ರಲ್ಲಿ ಬಳಕೆದಾರರೊಬ್ಬರು ಆಗ ಆ್ಯಪಲ್‌ನ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಅವರಿಗೆ ಇಮೇಲ್ ಬರೆದು ಇದೇ ಪ್ರಶ್ನೆ ಕೇಳಿದಾಗ, ಕಂಪನಿಯ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡೆರಿಗಿ ಇದರ ಅಗತ್ಯವಿಲ್ಲ ಎಂದೇ ಉತ್ತರಿಸಿದ್ದರು. ಆಂಡ್ರಾಯ್ಡಿನಲ್ಲೂ 2015ರ 6.0 ಆವೃತ್ತಿಯಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಫೋನು ಅಲುಗಾಡದೆ ಬಿದ್ದಿದ್ದರೆ ಅದು ಆ್ಯಪ್‌ಗಳ ಕೆಲಸವನ್ನೆಲ್ಲ ಒಟ್ಟುಗೂಡಿಸಿ ಆಗೊಮ್ಮೆ ಈಗೊಮ್ಮೆ ಮಾತ್ರ ಮಾಡಲು ಬಿಡುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ಅಡಾಪ್ಟಿವ್ ಬ್ಯಾಟರಿ, ನೀವು ಅಪರೂಪಕ್ಕೆ ಬಳಸುವ ಆ್ಯಪ್‌ಗಳನ್ನು ಗುರುತಿಸಿ ಹಿನ್ನೆಲೆಯಲ್ಲಿ ಕಟ್ಟಿಹಾಕುತ್ತದೆ. ಅದು ಆನ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಬ್ಯಾಟರಿ ಉಳಿಸುತ್ತೇವೆ, ಫೋನನ್ನು ತಂಪು ಮಾಡುತ್ತೇವೆ ಎಂದು ಜಾಹೀರಾತು ತೋರಿಸುವ ಆ್ಯಪ್‌ಗಳೇನಾದರೂ ನಿಮ್ಮ ಫೋನಿನಲ್ಲಿದ್ದರೆ ಇಂದೇ ತೆಗೆದುಹಾಕಿ. ಅವು ತಾವೇ ಹಿನ್ನೆಲೆಯಲ್ಲಿ ಓಡುತ್ತಾ ಜಾಹೀರಾತು ತರಿಸಿಕೊಳ್ಳುತ್ತವೆ.

ಮುಚ್ಚುವುದಕ್ಕಿಂತ, ಯಾವ ಆ್ಯಪ್ ಪರದೆ ಆರಿದ ಮೇಲೂ ದುಡಿಯುತ್ತಿದೆ ಎಂದು ಗುರುತಿಸಿ ಅದೊಂದನ್ನೇ ಸರಿಪಡಿಸುವುದು ಉಪಯುಕ್ತ. ಬ್ಯಾಟರಿ ಪುಟದಲ್ಲಿ ಆ್ಯಪ್‌ನ ಹೆಸರನ್ನು ಒತ್ತಿದರೆ ಅದು ಪರದೆಯ ಮೇಲೆ ಎಷ್ಟು ಹೊತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ನಡೆಯಿತೆಂದು ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಮೊದಲ ಸ್ಥಾನದಲ್ಲಿದೆ, ಅದರ ಹಿಂದೆಯೇ ವಾಟ್ಸ್ಆ್ಯಪ್ ಇದೆ. ಸಂದೇಶ ಬರುವುದರಿಂದ ಹೆಚ್ಚು ಖರ್ಚಿಲ್ಲ. ಖರ್ಚಾಗುವುದು ಶಿಕ್ಷಕರ ಗುಂಪು, ಪೋಷಕರ ಗುಂಪು, ಊರಿನ ಗುಂಪು, ಬ್ಯಾಚ್‌ಮೇಟ್‌ಗಳ ಗುಂಪುಗಳಲ್ಲಿ ಬೆಳಗಿನಿಂದ ಸುರಿಯುವ ಶುಭೋದಯದ ಚಿತ್ರ, ವಿಡಿಯೊ, ಪಿಡಿಎಫ್‌ಗಳು ನೀವು ನೋಡುವ ಮೊದಲೇ ತಾವಾಗಿ ಇಳಿಯುವುದರಿಂದ. ಕ್ಷೀಣ ಸಿಗ್ನಲ್ಲಿನಲ್ಲಿ ಇಂಥ ಪ್ರತಿಯೊಂದು ಡೌನ್‌ಲೋಡೂ ದುಬಾರಿ ಎಂದು ಮೇಲೆ ಹೇಳಿದೆ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಮತ್ತು ಡೇಟಾ ವಿಭಾಗದಲ್ಲಿ, ಮೊಬೈಲ್ ಡೇಟಾ ಬಳಸುವಾಗ ಎಂಬಲ್ಲಿರುವ ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ನಾಲ್ಕರ ಗುರುತುಗಳನ್ನೂ ತೆಗೆಯಿರಿ. ಇಲಾಖೆಯ ಸುತ್ತೋಲೆ ಬಂದರೆ ಒತ್ತಿ ಇಳಿಸಿಕೊಂಡರಾಯಿತು. ಚಾಟ್ ಬ್ಯಾಕಪ್ ಮತ್ತು ಗೂಗಲ್ ಫೋಟೋಸ್ ಬ್ಯಾಕಪ್ ಎರಡನ್ನೂ ವೈ-ಫೈ ಇದ್ದಾಗ ಮಾತ್ರ ಎಂದು ಇಡಿ. ಕಳಿಸುವುದು ತರಿಸಿಕೊಳ್ಳುವುದಕ್ಕಿಂತ ಹೆಚ್ಚು ಶ್ರಮದ ಕೆಲಸ.

ಲೊಕೇಶನ್ ಅನುಮತಿಯನ್ನು ಒಮ್ಮೆ ಪರಿಶೀಲಿಸಿ. ಸದಾ ಅನುಮತಿ ಎಂದಿರುವ ಆ್ಯಪ್‌ಗಳನ್ನು ಬಳಸುವಾಗ ಮಾತ್ರ ಎಂಬುದಕ್ಕೆ ಬದಲಿಸಿ. ಆಂಡ್ರಾಯ್ಡ್ 10ರಿಂದ ಈ ಆಯ್ಕೆ ಇದೆ. ಲೊಕೇಶನ್ನನ್ನು ಪೂರ್ತಿ ಆರಿಸುವ ಅಗತ್ಯವಿಲ್ಲ. ಬ್ಲೂಟೂತ್, ಕೀಬೋರ್ಡಿನ ಕಂಪನ, ಚಲಿಸುವ ವಾಲ್‌ಪೇಪರ್ ಇವುಗಳಿಂದಾಗುವ ಖರ್ಚು ಅಲ್ಪ, ಇವುಗಳ ಹಿಂದೆ ಬೀಳಬೇಡಿ.

ಬ್ಯಾಟರಿ ಸೇವರ್ ಎಂಬ ಸೌಲಭ್ಯವನ್ನು ಹದಿನೈದು ಪರ್ಸೆಂಟಿಗೆ ಬಂದ ಮೇಲೆ ಹಾಕುವುದು ವಾಡಿಕೆ. ನಿಮ್ಮ ಪರಿಸ್ಥಿತಿಯಲ್ಲಿ ಅದನ್ನು ಬೆಳಿಗ್ಗೆಯೇ ಹಾಕುವುದು ಒಳ್ಳೆಯದು, ಏಕೆಂದರೆ ಉಳಿಸಬೇಕಾದದ್ದು ಇರುವಾಗಲೇ ಉಳಿಸಬೇಕು. ಅದು ಹಿನ್ನೆಲೆಯ ಕೆಲಸಗಳನ್ನು ತಡೆಯುತ್ತದೆ, ಪರದೆ ಆರಿದಾಗ ಲೊಕೇಶನ್ನನ್ನು ಮಿತಗೊಳಿಸುತ್ತದೆ. ಕೆಲವು ಆ್ಯಪ್‌ಗಳ ನೋಟಿಫಿಕೇಶನ್ ತಡವಾಗಿ ಬರಬಹುದು. ನಿಮಗೆ ತಕ್ಷಣ ಬೇಕಾದ ಒಂದೆರಡು ಆ್ಯಪ್‌ಗಳಿಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಡಬಹುದು. ಒಂದೆರಡಕ್ಕೆ ಎಂದೆ, ಎಲ್ಲದಕ್ಕೂ ಕೊಟ್ಟರೆ ಸೇವರ್ ಹಾಕಿದ್ದೇ ವ್ಯರ್ಥ.

ಚಾರ್ಜಿಂಗ್ ಬಗೆಗಿನ ನಿಮ್ಮ ಪ್ರಶ್ನೆ ಬೇರೆಯದೇ ಸ್ವರೂಪದ್ದು. ಇಲ್ಲಿಯವರೆಗೆ ಹೇಳಿದ್ದು ಒಂದು ಚಾರ್ಜ್ ಒಂದು ದಿನ ಬರುವ ಬಗೆ; ಇದು ಒಂದು ಬ್ಯಾಟರಿ ಹಲವು ವರ್ಷ ಬರುವ ಬಗೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ, ಅದರ ಹಿಂದಿನ ಸಂಶೋಧನೆಗಾಗಿ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದ ಲಿಥಿಯಂ-ಅಯಾನ್ ಬ್ಯಾಟರಿಯೇ ಇಂದಿನ ಫೋನುಗಳಲ್ಲಿರುವುದು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಬುದ್ಧಿಮಾತು, ಅಂದರೆ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಎಂಬುದು, ಇದಕ್ಕೆ ಅನ್ವಯಿಸುವುದಿಲ್ಲ. ಪದೇ ಪದೇ ಸೊನ್ನೆಗೆ ಇಳಿಸುವುದು ಇದಕ್ಕೆ ಹಾನಿಯೇ. ಇದಕ್ಕೆ ಇನ್ನೆರಡು ವೈರಿಗಳು: ಬಿಸಿ, ಮತ್ತು ನೂರರ ಮಟ್ಟದಲ್ಲಿ ಬಹಳ ಹೊತ್ತು ನಿಲ್ಲುವುದು. ನೂರರಲ್ಲಿ ಒಳಗಿನ ವೋಲ್ಟೇಜ್ ಅತಿ ಹೆಚ್ಚಿರುತ್ತದೆ. ಆ ಒತ್ತಡದಲ್ಲಿ, ಅದರಲ್ಲೂ ಬಿಸಿಯಿದ್ದಾಗ, ಒಳಗಿನ ರಾಸಾಯನಿಕಗಳು ಬೇಡದ ಪ್ರತಿಕ್ರಿಯೆಗಳಿಗೆ ತೊಡಗಿ ಬ್ಯಾಟರಿಯ ಒಂದು ಧ್ರುವವಾದ ಗ್ರಾಫೈಟಿನ ಮೇಲಿನ ಪೊರೆ ದಪ್ಪವಾಗುತ್ತಾ ಹೋಗಿ, ಓಡಾಡಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಬೀಳುತ್ತದೆ. ಸುತ್ತಲಿನ ತಾಪ 35 ಡಿಗ್ರಿ ದಾಟಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಂದಬಹುದು ಎಂದು ಆ್ಯಪಲ್ ತನ್ನ ಬಳಕೆದಾರರಿಗೆ ಹೇಳುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳ ಓದುಗರು ಇದನ್ನು ನೆನಪಿಡಬೇಕು. ನಿಮ್ಮ ಊರಿನ ಹವೆ ಈ ವಿಷಯದಲ್ಲಿ ನಿಮ್ಮ ಪರವಾಗಿದೆ.

ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಫೋನು ಸುಡುವುದಿಲ್ಲ, ತುಂಬಿದ ಮೇಲೆ ಅದು ತಾನೇ ವಿದ್ಯುತ್ತನ್ನು ತಡೆಯುತ್ತದೆ. ಆದರೆ ಹನ್ನೆರಡಕ್ಕೆ ತುಂಬಿ ಬೆಳಗಿನ ಆರರವರೆಗೆ ನೂರರಲ್ಲೇ ನಿಲ್ಲುವುದು, ಅದೂ ದಪ್ಪ ಕವರಿನೊಳಗೆ, ದಿಂಬಿನ ಪಕ್ಕದಲ್ಲಿ, ಒಳ್ಳೆಯದಲ್ಲ. ನಿಮ್ಮ ಫೋನಿನಲ್ಲಿ ಅಡಾಪ್ಟಿವ್ ಚಾರ್ಜಿಂಗ್ ಅಥವಾ ಬ್ಯಾಟರಿ ಪ್ರೊಟೆಕ್ಷನ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಎಂಬತ್ತರವರೆಗೆ ತುಂಬಿ ನಿಂತು, ನೀವು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬುವ ವ್ಯವಸ್ಥೆ ಅದು. ಎಂಬತ್ತಕ್ಕೇ ಶಾಶ್ವತವಾಗಿ ನಿಲ್ಲಿಸುವ ಮಿತಿಯೂ ಹಲವು ಫೋನುಗಳಲ್ಲಿದೆ, ಆದರೆ ನಿಮಗೆ ಈಗಲೇ ಅದನ್ನು ಹೇಳಲಾರೆ. ದಿನವಿಡೀ ಬರದ ಫೋನಿನ ಇಪ್ಪತ್ತು ಪರ್ಸೆಂಟನ್ನು ಬೆಳಿಗ್ಗೆಯೇ ಬಿಟ್ಟುಕೊಡಿ ಎನ್ನುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಇದ್ದಾಗ ತುಂಬಿಸಿಕೊಳ್ಳುವುದೂ ಸಹಜ. ಮೊದಲು ಬೀರುವಿನ ನಷ್ಟ ನಿಲ್ಲಲಿ. ಸಂಜೆಗೆ ಐವತ್ತು ಉಳಿಯತೊಡಗಿದ ಮೇಲೆ ಎಂಬತ್ತರ ಮಿತಿ ಹಾಕಿ. ಕರೆಂಟಿನ ಭಯಕ್ಕೆ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. 10,000 ಎಂಎಎಚ್ ಎಂದು ಬರೆದಿದ್ದರೂ ವೋಲ್ಟೇಜ್ ಬದಲಾವಣೆಯಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುವುದರಿಂದ ನಿಮ್ಮ ಫೋನು ಎರಡು ಸಲವಲ್ಲ, ಒಂದೂವರೆ ಸಲದಷ್ಟು ತುಂಬುತ್ತದೆ.

ಈಗ ಕೊನೆಯ ಪ್ರಶ್ನೆ. ಬ್ಯಾಟರಿಯ ಆಯುಷ್ಯವನ್ನು ಆವರ್ತಗಳಲ್ಲಿ ಎಣಿಸುತ್ತಾರೆ. ಒಟ್ಟು ನೂರು ಪರ್ಸೆಂಟಿನಷ್ಟು ಖರ್ಚಾದರೆ ಒಂದು ಆವರ್ತ, ಅದು ಎಷ್ಟು ಕಂತುಗಳಲ್ಲಾದರೂ ಆಗಲಿ. ಐಫೋನ್ 14ರವರೆಗಿನ ಫೋನುಗಳ ಬ್ಯಾಟರಿ 500 ಆವರ್ತಗಳ ಮೇಲೂ ಎಂಬತ್ತು ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಳ್ಳುವಂತೆ, 15ರ ಸರಣಿಯದು 1000 ಆವರ್ತಗಳ ಮೇಲೂ ಉಳಿಸಿಕೊಳ್ಳುವಂತೆ ರೂಪಿಸಿದ್ದೆಂದು ಆ್ಯಪಲ್ ಹೇಳಿದೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ತನ್ನಲ್ಲಿ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ, 800 ಆವರ್ತಗಳ ಮೇಲೂ ಇದೇ ಎಂಬತ್ತು ಪರ್ಸೆಂಟ್ ಉಳಿಯಬೇಕೆಂಬ ಅಳತೆಯನ್ನು ಕಡ್ಡಾಯ ಮಾಡಿದೆ. ನೀವು ದಿನಕ್ಕೆ ಎರಡು ಸಲ ಚಾರ್ಜ್ ಮಾಡುತ್ತೀರಿ. ಅದು ಒಂದೂವರೆ ಆವರ್ತವೆಂದರೂ ವರ್ಷಕ್ಕೆ 540ಕ್ಕೂ ಹೆಚ್ಚು, ಎರಡೂವರೆ ವರ್ಷಕ್ಕೆ 1300ಕ್ಕೂ ಮೇಲೆ. ಬೀರುವಿನೊಳಗಿನ ಖರ್ಚು ಆ ದಿನದ ಚಾರ್ಜನ್ನಷ್ಟೇ ಅಲ್ಲ, ಬ್ಯಾಟರಿಯ ಆಯುಷ್ಯವನ್ನೂ ತಿಂದಿದೆ. ಶಿವಮೊಗ್ಗದಲ್ಲಿ ದಿನವಿಡೀ ಬರುತ್ತಿರುವುದರಿಂದ ಅದಿನ್ನೂ ಪೂರ್ತಿ ಸೋತಿಲ್ಲ. ನಾನು ಹೇಳಿದ ಬದಲಾವಣೆಗಳನ್ನು ಮಾಡಿ ಎರಡು ವಾರ ನೋಡಿ. ಆಮೇಲೂ ಸಂಜೆಯವರೆಗೆ ಬರದಿದ್ದರೆ, ಅಥವಾ ಇಪ್ಪತ್ತೈದು ಪರ್ಸೆಂಟ್ ಇರುವಾಗಲೇ ಫೋನು ಥಟ್ಟನೆ ಆರಿಹೋಗುತ್ತಿದ್ದರೆ, ಬ್ಯಾಟರಿ ಬದಲಿಸಿ. ಫೋನಿನ ಉಳಿದ ಭಾಗ ಸರಿಯಿದ್ದು ಅದಕ್ಕೆ ಸುರಕ್ಷತಾ ಅಪ್‌ಡೇಟ್‌ಗಳು ಇನ್ನೂ ಬರುತ್ತಿದ್ದರೆ ಹೊಸ ಫೋನಿನ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಎರಡು ವಾರ ಕಾಯಬಾರದು. ಕವರ್ ತೆಗೆದು ಫೋನಿನ ಬೆನ್ನನ್ನು ಗಾಜಿನ ಅಥವಾ ನುಣುಪಾದ ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಕ್ಯಾಮೆರಾದ ಉಬ್ಬಿನಿಂದ ಒಂದು ಕಡೆ ಓರೆಯಾಗುವುದು ಸಹಜ. ಆದರೆ ನಡುಬೆನ್ನು ಉಬ್ಬಿ ಫೋನು ತೊಟ್ಟಿಲಿನಂತೆ ತೂಗಿದರೆ, ಅಥವಾ ಪರದೆಯ ಅಂಚಿನಲ್ಲಿ ಮೊದಲಿಲ್ಲದ ಸಂದು ಕಂಡರೆ ಬ್ಯಾಟರಿ ಉಬ್ಬಿದೆ. ಅಂಥ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ನೋಡಬೇಡಿ, ನೇರವಾಗಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬದಲಿಸುವುದಾದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ, ಮೊದಲು ಫೋಟೊ ಮತ್ತು ಚಾಟ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ಬೆನ್ನಿನ ಗಾಜನ್ನು ಅಂಟಿನಿಂದ ಬಿಡಿಸಿ ಮತ್ತೆ ಅಂಟಿಸುವುದರಿಂದ ನೀರು ತಡೆಯುವ ಗುಣ ಮೊದಲಿನಷ್ಟು ಉಳಿಯುವುದಿಲ್ಲ; ಮಳೆಯಲ್ಲಿ ಶಾಲೆಗೆ ನಡೆದುಹೋಗುವ ನೀವು ಆಮೇಲೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡೇ ಹೋಗಬೇಕು. ಹಳೆಯ ಬ್ಯಾಟರಿಯನ್ನು ಮನೆಗೆ ತರಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಆದ್ದರಿಂದ ಅಲ್ಲಿಯೇ ಒಪ್ಪಿಸಿ ಬನ್ನಿ.